ಪಂಚಾಯ್ತಿ ಚುನಾವಣೆಯಲ್ಲಿ ಕಂಪನಿ ದುಡ್ಡಿಗೆ ತಡೆ ಹಾಕುವುದು ಹೇಗೆ?

ಚಿಕ್ಕಮಗಳೂರಿನ ಮಲೆನಾಡು ಕಡೆಯ ಗ್ರಾಮ ಪಂಚಾಯ್ತಿಗಳು ಚಿಕ್ಕವು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಎನ್ನುವುದು ಪಂಚಾಯತ್ ರಾಜ್ ಕಾಯ್ದೆಯ ಲೆಕ್ಕ. ಅದರಲ್ಲಿ ಮಕ್ಕಳನ್ನು ಕಳೆಯಿರಿ, ಓದಲು, ದುಡಿಯಲು ಬೆಂಗಳೂರು ಸೇರಿದವರನ್ನು ಕಳೆಯಿರಿ. ಉಳಿಯುವ ಮತ ಎಷ್ಟು? ಹತ್ತು ಹದಿನೈದು ಮತದಲ್ಲಿ ಸೋತವರು, ಗೆದ್ದವರು ಪ್ರತಿ ಊರಲ್ಲೂ ಇದ್ದಾರೆ. ಗುಡ್ಡದ ಮೇಲೆ ಕೋಟಿಗಟ್ಟಲೆ ಸುರಿದು ರೆಸಾರ್ಟ್ ಕಟ್ಟುವವರಿಗೆ ಆ ಹತ್ತು ಹದಿನೈದು ಮತ ಕೊಳ್ಳುವುದು ಒಂದು ಖರ್ಚೇ ಅಲ್ಲ. ಹೆದರಬೇಕಾದ ವಿಷಯ ಇದು. ವಿಧಾನಸಭೆ ಚುನಾವಣೆಯಲ್ಲಿ ದುಡ್ಡಿನ ಆಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಪಂಚಾಯ್ತಿಯಲ್ಲಿ ಅದು ಸದ್ದಿಲ್ಲದೆ ನಡೆದುಹೋಗುತ್ತದೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಕಂಪನಿಗಳು ಬರಲೇಬಾರದು ಎನ್ನುವುದು ಈ ಲೇಖನದ ವಾದವಲ್ಲ. ಹೋಂಸ್ಟೇ, ರೆಸಾರ್ಟ್, ಕಾಫಿ ಕ್ಯೂರಿಂಗ್, ಕಲ್ಲು ಕ್ವಾರಿ, ಹಾಸನದ ಬಟ್ಟೆ ಕಾರ್ಖಾನೆ, ಇವೆಲ್ಲದರಲ್ಲಿ ನಮ್ಮ ಮಕ್ಕಳೇ ಕೆಲಸ ಮಾಡುತ್ತಿದ್ದಾರೆ. ಕೆಲಸ ಕೊಡುವವರಿಗೆ ಪಂಚಾಯ್ತಿ ಕಚೇರಿಯಲ್ಲಿ ಅರ್ಜಿ ಹಾಕುವ ಹಕ್ಕಿದೆ. ಅರ್ಜಿಯ ಮೇಲೆ ತೀರ್ಮಾನ ಮಾಡುವವರನ್ನು ಆರಿಸುವ ಹಕ್ಕು ಮಾತ್ರ ಅವರದ್ದಲ್ಲ. ಅದು ಊರಿನವರದ್ದು. ಅಷ್ಟೇ ವಿಷಯ.

ಈ ಕೆಲಸ ಮತದಾನದ ಹಿಂದಿನ ರಾತ್ರಿ ಕಾವಲು ಕಾಯುವುದರಿಂದ ಆಗುವುದಿಲ್ಲ. ಆ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಕಡೇಪಕ್ಷ ಆರು ತಿಂಗಳ ಮುಂಚೆ ಶುರು ಮಾಡಿ. ಐದಾರು ಜನ ಸಾಕು. ಒಬ್ಬರು ಶಾಲೆ ಮೇಷ್ಟ್ರಾಗಿದ್ದು ನಿವೃತ್ತರಾದವರು, ಒಬ್ಬರು ಸ್ವಸಹಾಯ ಸಂಘದ ಹೆಣ್ಣುಮಗಳು, ಮೊಬೈಲ್ ಚೆನ್ನಾಗಿ ಬಳಸುವ ಒಬ್ಬ ಹುಡುಗ, ತೋಟದ ಕೆಲಸಗಾರರ ನಂಬಿಕೆ ಇರುವ ಒಬ್ಬರು. ಈ ಗುಂಪಿನಲ್ಲಿ ಯಾರೂ ಚುನಾವಣೆಗೆ ನಿಲ್ಲಬಾರದು. ಇದು ಗಟ್ಟಿ ನಿಯಮವಾಗಿರಲಿ. ನಿಲ್ಲುವ ಆಸೆ ಇದ್ದವರು ಮೊದಲೇ ಹೊರಗೆ ಬರಲಿ.

ಮೊದಲ ಹೆಜ್ಜೆ: ಕಂಪನಿಗೆ ಪಂಚಾಯ್ತಿಯಿಂದ ಏನು ಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಹಾಗಾಗಿ ಇದಕ್ಕೆ ಜಾಸ್ತಿ ಸಮಯ ಕೊಡಿ. ಯಾರೂ ಸುಮ್ನೆ ದುಡ್ಡು ಹಾಕುವುದಿಲ್ಲ ಅಲ್ವಾ? ಏನು ಬೇಕು ಎಂದು ಗೊತ್ತಾದರೆ, ಯಾರ ಹಿಂದೆ ದುಡ್ಡು ನಿಲ್ಲುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಗ್ರಾಮ ಪಂಚಾಯ್ತಿಯ ಕೈಯಲ್ಲಿ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಅಧಿಕಾರ ಇದೆ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಕಟ್ಟಡ ಕಟ್ಟಲು ಪಂಚಾಯ್ತಿಯ ಅನುಮತಿ ಬೇಕು. 66ನೇ ಕಲಮಿನಂತೆ ಕಾರ್ಖಾನೆ ಕಟ್ಟಲು, ಯಂತ್ರ ಕೂರಿಸಲು ಅನುಮತಿ ಬೇಕು. ಕಟ್ಟಡ ತೆರಿಗೆ ಹಾಕುವುದು ಪಂಚಾಯ್ತಿ. ಇ-ಸ್ವತ್ತಿನಲ್ಲಿ ಖಾತೆ ಕೊಡುವುದು ಪಂಚಾಯ್ತಿ. ಕ್ವಾರಿಗೆ ಪರವಾನಗಿ ಕೊಡುವುದು ಗಣಿ ಇಲಾಖೆಯಾದರೂ ಟಿಪ್ಪರ್ ಓಡಾಡುವ ಊರೊಳಗಿನ ರಸ್ತೆಯನ್ನು ನೋಡಿಕೊಳ್ಳುವುದು ಪಂಚಾಯ್ತಿ. ಕುಡಿಯುವ ನೀರಿನ ಪೈಪು, ಕಸ, ಬೀದಿ ದೀಪ ಕೂಡ ಅದರದ್ದೇ.

ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಪಂಚಾಯ್ತಿ ವ್ಯಾಪ್ತಿಯ ದೊಡ್ಡ ವ್ಯವಹಾರಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಎದುರು ಮೂರು ವಿಷಯ: ಈಗಾಗಲೇ ಪಂಚಾಯ್ತಿಯಿಂದ ಏನು ಪಡೆದಿದ್ದಾರೆ, ಮುಂದೆ ಏನು ಬೇಕಾಗುತ್ತದೆ, ತೆರಿಗೆ ಎಷ್ಟು ಬಾಕಿ ಇದೆ. ನಾಲ್ಕು ಕೋಣೆಯ ಹೋಂಸ್ಟೇ ಎಂದು ಲೆಕ್ಕದಲ್ಲಿರುವ ಜಾಗದಲ್ಲಿ ನಲವತ್ತು ಕೋಣೆ ಇದ್ದರೆ ಆ ಮಾಲೀಕರಿಗೆ ಮುಂದಿನ ಅಧ್ಯಕ್ಷರು ಯಾರಾಗುತ್ತಾರೆ ಎಂಬುದು ದೊಡ್ಡ ಪ್ರಶ್ನೆ. ಹಳ್ಳದ ನೀರನ್ನು ಮೇಲೆಯೇ ತಡೆದು ಈಜುಕೊಳ ತುಂಬಿಸುವವರಿಗೂ ಅಷ್ಟೆ. ಮುಳ್ಳಯ್ಯನಗಿರಿ ತಪ್ಪಲಿನಲ್ಲಿ, ಮೂಡಿಗೆರೆ, ಕಳಸದ ಕಡೆ, ಪಕ್ಕದ ಸಕಲೇಶಪುರದಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಇದೇ. ಹಾಸನ, ಚಿಕ್ಕಮಗಳೂರು ನಗರದ ಅಂಚಿನ ಪಂಚಾಯ್ತಿಗಳಲ್ಲಿ ಲೇಔಟ್ ಮಾಡುವವರ ಹೆಸರು ಪಟ್ಟಿಯ ತಲೆಯಲ್ಲಿ ಬರುತ್ತದೆ.

ಈ ಮಾಹಿತಿ ಸಿಗುವುದು ಎಲ್ಲಿ? ಮಾಹಿತಿ ಹಕ್ಕಿನಡಿ ಪಂಚಾಯ್ತಿಗೇ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಎಷ್ಟೋ ಅರ್ಜಿಗಳು ಈ ಒಂದು ಕಾರಣಕ್ಕೇ ವಾಪಸ್ ಬರುತ್ತವೆ. ಹೀಗೆ ಬರೆಯಬಹುದು:

"ನಮ್ಮ ಗ್ರಾಮ ಪಂಚಾಯ್ತಿಯು 01-04-2021ರಿಂದ ಈವರೆಗೆ ವಾಣಿಜ್ಯ ಕಟ್ಟಡಗಳಿಗೆ (ರೆಸಾರ್ಟ್, ಹೋಂಸ್ಟೇ, ಕಾರ್ಖಾನೆ) ನೀಡಿರುವ ಪರವಾನಗಿಗಳ ಪಟ್ಟಿ, ಪ್ರತಿ ಪರವಾನಗಿಗೆ ಸಂಬಂಧಿಸಿದ ಸಭಾ ನಡಾವಳಿಯ ಪ್ರತಿ ಮತ್ತು ಅನುಮೋದಿತ ನಕ್ಷೆಯ ಪ್ರತಿಯನ್ನು ದೃಢೀಕರಿಸಿ ನೀಡಬೇಕೆಂದು ಕೋರುತ್ತೇನೆ."

ತೆರಿಗೆ ಬಾಕಿಯ ಬಗ್ಗೆ ಇನ್ನೊಂದು ಅರ್ಜಿ ಹಾಕಿ. ಅರ್ಜಿ ಪಡೆಯುವವರು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಎರಡು ಅರ್ಜಿ, ಒಂದು ಮೇಲ್ಮನವಿ ಎಂದರೆ ಮೂರು ತಿಂಗಳು ಹೋಗುತ್ತದೆ. ಆರು ತಿಂಗಳ ಮುಂಚೆ ಶುರು ಮಾಡಿ ಎಂದು ಹೇಳಿದ್ದು ಅದಕ್ಕೇ.

ಜಮೀನು ಯಾರ ಹೆಸರಲ್ಲಿದೆ ಎಂದು ಪಹಣಿ ನೋಡಿದರೆ ತಿಳಿಯುತ್ತದೆ. ಕಂಪನಿಯ ನಿರ್ದೇಶಕರು ಯಾರು ಎಂಬುದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ. ಅಭ್ಯರ್ಥಿಯ ಭಾವಮೈದುನನ ಹೆಸರು ಅಲ್ಲಿ ಕಂಡರೆ ಅದು ಅಪರಾಧವೇನಲ್ಲ. ಆದರೆ ಮತದಾರರಿಗೆ ಗೊತ್ತಿರಬೇಕಾದ ಸಂಗತಿ.

ಇನ್ನೊಂದು ಕಡೆ ಗಮನ ಇಡಿ. ಚುನಾಯಿತರು ಇಲ್ಲದೆ ಆಡಳಿತಾಧಿಕಾರಿ ಕೂತಿರುವ ತಿಂಗಳುಗಳಲ್ಲಿ ಕಡತಗಳು ಸದ್ದಿಲ್ಲದೆ ಸಾಗುತ್ತವೆ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ಕ್ಕೇ ಮುಗಿಯಿತು. ಆಮೇಲೆ ಅಲ್ಲಿ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಅಂಥ ಅವಧಿಯಲ್ಲಿ ಕೊಟ್ಟ ಅನುಮತಿಗಳ ಪಟ್ಟಿಯನ್ನು ಬೇರೆಯಾಗಿಯೇ ಕೇಳಿ.

ಎರಡನೇ ಹೆಜ್ಜೆ: ದುಡ್ಡು ಬರುವ ದಾರಿ ತಿಳಿದುಕೊಳ್ಳಿ

ಕಂಪನಿಗಳು ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಡಬಹುದು. 2013ರ ಕಂಪನಿ ಕಾಯ್ದೆಯ 182ನೇ ಕಲಂ ಅದಕ್ಕೆ ಷರತ್ತು ಹಾಕಿದೆ. ಕಂಪನಿಗೆ ಮೂರು ವರ್ಷ ತುಂಬಿರಬೇಕು, ಆಡಳಿತ ಮಂಡಳಿಯ ನಿರ್ಣಯ ಬೇಕು, ಕೊಟ್ಟಿದ್ದನ್ನು ಲೆಕ್ಕದಲ್ಲಿ ತೋರಿಸಬೇಕು. ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 7.5 ಎಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಿದ್ದರು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿದಾಗ, ಆ ಮಿತಿ ತೆಗೆದ ತಿದ್ದುಪಡಿಯನ್ನೂ ಹೊಡೆದುಹಾಕಿತು. ಯಾರು ಯಾರಿಗೆ ಕೊಟ್ಟರು ಎಂದು ತಿಳಿಯುವುದು ಮತದಾರರ ಹಕ್ಕು ಎಂಬುದೇ ಆ ತೀರ್ಪಿನ ತಿರುಳು.

ಆದರೆ ಇದೆಲ್ಲ ಪಕ್ಷಕ್ಕೆ ಕೊಡುವ ದುಡ್ಡಿನ ಮಾತು. ನಮ್ಮ ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ. ಹಾಗಾಗಿ ಇಲ್ಲಿ ಕಂಪನಿ ದುಡ್ಡು ಕಂಪನಿಯ ಹೆಸರಲ್ಲಿ ಬರುವುದೇ ಇಲ್ಲ. ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಅದು ಬರುವುದು ಜೆಸಿಬಿ ಬಾಡಿಗೆಯಾಗಿ, ಜಲ್ಲಿ ಮರಳಿನ ಸಪ್ಲೈ ಆಗಿ, ಲೇಬರ್ ಕಂಟ್ರ್ಯಾಕ್ಟ್ ಆಗಿ, ಪ್ರವಾಸಿಗರನ್ನು ಗುಡ್ಡ ಹತ್ತಿಸುವ ಜೀಪಿನ ಬಾಡಿಗೆಯಾಗಿ. ಚುನಾವಣೆಗೆ ನಾಲ್ಕು ತಿಂಗಳ ಮುಂಚೆ ಊರಿನ ಚುರುಕಾದ ಯುವಕನಿಗೆ ಕಂಪನಿಯ ಮಣ್ಣು ಹೊಡೆಯುವ ಕೆಲಸ ಸಿಗುತ್ತದೆ. ಆಮೇಲೆ ಆತ ಅಭ್ಯರ್ಥಿ. ಆತನಿಗೆ ಯಾರೂ ಲಂಚ ಕೊಟ್ಟಿಲ್ಲ, ದುಡಿದಿದ್ದಾನೆ ನಿಜ. ಗೆದ್ದ ಮೇಲೆ ಅದೇ ಕಂಪನಿಯ ನಕ್ಷೆ ಸಭೆಗೆ ಬಂದಾಗ ಆತ ಬೇಡ ಅನ್ನಬಲ್ಲನೇ? ಹೆಚ್ಚಿನ ಕಡೆ ಕಂಪನಿಯ ಕೈ ಕೆಲಸ ಮಾಡುವುದು ಹೀಗೆ. ಇದನ್ನು ತಡೆಯಲು ಕಾನೂನು ಸಾಲದು. ಅದಕ್ಕೇ ನಾಲ್ಕನೇ ಹೆಜ್ಜೆಯ ಬಹಿರಂಗ ಪ್ರಶ್ನೆಗಳು.

ನಗರಸಭೆಯಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಪಕ್ಷ ಇದೆ, ಚಿಹ್ನೆ ಇದೆ, ಖರ್ಚಿಗೆ ಮಿತಿ ಇದೆ, ಅಭ್ಯರ್ಥಿ ಖರ್ಚಿನ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕದ ಪ್ರತಿ ಕೇಳಿ ಪಡೆಯಿರಿ. ನೀವು ಕಣ್ಣಾರೆ ಕಂಡ ಫ್ಲೆಕ್ಸು, ವಾಹನ, ಊಟದ ಲೆಕ್ಕದ ಜೊತೆ ಇಟ್ಟು ನೋಡಿ.

ಮೂರನೇ ಹೆಜ್ಜೆ: ಸಿಎಸ್‌ಆರ್ ಕೊಡುಗೆ ಗ್ರಾಮಸಭೆಯ ಮೂಲಕವೇ ಬರಲಿ

ಶಾಲೆಗೆ ಬೆಂಚು, ದೇವಸ್ಥಾನಕ್ಕೆ ಹೆಂಚು, ಆಂಬುಲೆನ್ಸ್, ಬೋರ್‌ವೆಲ್. ಕಂಪನಿ ಕೊಟ್ಟರೆ ಬೇಡ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಬೇಡ ಅನ್ನಬೇಕಾಗಿಯೂ ಇಲ್ಲ. ನೋಡಬೇಕಾದ್ದು ಯಾವಾಗ ಕೊಟ್ಟರು, ಯಾರ ಕೈಯಿಂದ ಕೊಡಿಸಿದರು ಎನ್ನುವುದು.

ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಲೇಬೇಕು. ಕಂಪನಿ ಕಾಯ್ದೆಯ 135ನೇ ಕಲಂ ಹೇಳುವುದು ಇದನ್ನೇ. ಅಂದರೆ ಆ ದುಡ್ಡು ಯಾವ ಅಭ್ಯರ್ಥಿಯ ಕೃಪೆಯೂ ಅಲ್ಲ. ರಾಜಕೀಯ ಪಕ್ಷಕ್ಕೆ ಕೊಟ್ಟ ದುಡ್ಡನ್ನು ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ನಿಯಮವೇ ಇದೆ. ಇದನ್ನು ಊರಿನವರಿಗೆ ಬಿಡಿಸಿ ಹೇಳಿ. "ಅವರು ಹೇಳಿ ಕೊಡಿಸಿದರು" ಎನ್ನುವ ಮಾತಿನ ಬಲ ಅರ್ಧ ಅಲ್ಲೇ ಕುಸಿಯುತ್ತದೆ.

ಕೊಡುಗೆಯೇ ಆಡಳಿತವಾಗಿ ಬೆಳೆಯಬಲ್ಲದು ಎನ್ನುವುದಕ್ಕೆ ಕೇರಳದ ಎರ್ನಾಕುಳಂ ಜಿಲ್ಲೆಯ ಕಿಳಕ್ಕಂಬಲಂ ನೋಡಬೇಕು. ಅಲ್ಲಿನ ಕಿಟೆಕ್ಸ್ ಬಟ್ಟೆ ಕಂಪನಿಯ ಬಳಗ 2013ರಲ್ಲಿ 'ಟ್ವೆಂಟಿ20' ಎಂಬ ಸಂಘಟನೆ ಕಟ್ಟಿತು. ಸಿಎಸ್‌ಆರ್ ಕೆಲಸವಾಗಿ ಶುರುವಾದದ್ದು ಅದು. ಕಡಿಮೆ ಬೆಲೆಗೆ ದಿನಸಿ ಕೊಡುವ ಅಂಗಡಿ ಬಂತು, ಮನೆ, ರಸ್ತೆ ಕೆಲಸ ನಡೆಯಿತು. 2015ರ ಚುನಾವಣೆಯಲ್ಲಿ ಆ ಸಂಘಟನೆ ಪಂಚಾಯ್ತಿಯ 19 ಸ್ಥಾನಗಳಲ್ಲಿ 17 ಗೆದ್ದಿತು. 2020ರಲ್ಲಿ ನಾಲ್ಕು ಪಂಚಾಯ್ತಿ ಅದರ ಕೈಗೆ ಬಂದವು. ಅಲ್ಲಿನ ಜನ ಸಂತೋಷದಿಂದಲೇ ಮತ ಹಾಕಿದರು, ಸೌಲಭ್ಯವೂ ಸಿಕ್ಕಿತು. ಅದನ್ನು ಮರೆಮಾಚಬಾರದು. ಆದರೂ ನನ್ನ ಅಭಿಪ್ರಾಯ ಗಟ್ಟಿ: ಕಾರ್ಖಾನೆಗೆ ಅನುಮತಿ ಕೇಳುವವರೂ ಕೊಡುವವರೂ ಒಂದೇ ಬಳಗವಾದರೆ, ನಾಳೆ ಹಳ್ಳದ ನೀರು ಕೆಟ್ಟಾಗ ಊರಿನವರು ಯಾರ ಬಾಗಿಲು ತಟ್ಟಬೇಕು?

ಹಾಗಾಗಿ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು, ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಹಾಜರಿ. ನೂರು ಜನರನ್ನು ಸೇರಿಸುವುದು ನಿಮ್ಮ ಗುಂಪಿನ ಕೆಲಸ. ನಿರ್ಣಯ ಹೀಗಿರಲಿ:

"ನಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಯಾವುದೇ ಕಂಪನಿ ಅಥವಾ ಉದ್ಯಮ ನೀಡುವ ಕೊಡುಗೆಯನ್ನು ಗ್ರಾಮಸಭೆಯ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಕೊಡುಗೆಯ ವಿವರ ಮತ್ತು ಮೊತ್ತವನ್ನು ಪಂಚಾಯ್ತಿ ಫಲಕದಲ್ಲಿ ಹಾಕಬೇಕು. ಚುನಾವಣೆಗೆ ಮುಂಚಿನ ಆರು ತಿಂಗಳಲ್ಲಿ ಹೊಸ ಕೊಡುಗೆಯನ್ನು ಸ್ವೀಕರಿಸುವುದಿಲ್ಲ. ಉದ್ಘಾಟನೆಗೆ, ಹಂಚಿಕೆಗೆ ಅಭ್ಯರ್ಥಿಗಳನ್ನು ಕರೆಯುವುದಿಲ್ಲ."

ಇದು ಕಂಪನಿಯನ್ನು ಕಾನೂನಿನ ಹಗ್ಗದಲ್ಲಿ ಕಟ್ಟುವುದಿಲ್ಲ. ಆದರೆ ನಿರ್ಣಯದ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಂಪನಿಯ ಮುಖ್ಯ ಕಚೇರಿಗೆ ಕಳಿಸಿ ನೋಡಿ. ಸ್ಥಳೀಯ ಮ್ಯಾನೇಜರ್‌ಗೆ ಮಾತ್ರ ಕೊಟ್ಟರೆ ಅದು ಮೇಜಿನ ಡ್ರಾಯರ್ ಸೇರುತ್ತದೆ. ಮುಖ್ಯ ಕಚೇರಿಗೆ ಹೋದರೆ, ಆಮೇಲೆ ಅವರು ನಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ನಾಲ್ಕನೇ ಹೆಜ್ಜೆ: ಅಭ್ಯರ್ಥಿಗಳನ್ನು ಎಲ್ಲರೆದುರು ಕೇಳಿ

ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ, ಶಾಲೆ ಅಂಗಳದಲ್ಲೋ ಸಮುದಾಯ ಭವನದಲ್ಲೋ ಒಂದು ಸಂಜೆ ಎಲ್ಲ ಅಭ್ಯರ್ಥಿಗಳನ್ನು ಕರೆಯಿರಿ. ನೀತಿ ಸಂಹಿತೆ ಇರುವುದರಿಂದ ತಹಶೀಲ್ದಾರರಿಗೆ ಮೊದಲೇ ಬರೆದು ಅನುಮತಿ ಪಡೆಯಿರಿ. ಮೈಕು ಬೇಕಿದ್ದರೆ ಅದಕ್ಕೂ ಪಡೆಯಿರಿ. ಸಭೆಯ ಖರ್ಚು ನಿಮ್ಮ ಗುಂಪಿನದ್ದೇ ಆಗಿರಲಿ. ಕಾಫಿ ಬಿಸ್ಕತ್ತನ್ನು ಕೂಡ ಅಭ್ಯರ್ಥಿಗಳಿಂದ ತರಿಸಬೇಡಿ.

ಎಲ್ಲರಿಗೂ ಒಂದೇ ಪ್ರಶ್ನೆಗಳು, ಒಂದೇ ಕ್ರಮದಲ್ಲಿ. ನಿಮಗೆ ಅಥವಾ ನಿಮ್ಮ ಮನೆಯವರಿಗೆ ಪಂಚಾಯ್ತಿ ವ್ಯಾಪ್ತಿಯ ಯಾವ ಕಂಪನಿಯ ಜೊತೆ ಕೆಲಸ, ಬಾಡಿಗೆ, ಪಾಲು, ಸಾಲ ಇದೆ? ನಿಮ್ಮ ಚುನಾವಣೆ ಖರ್ಚಿಗೆ ದುಡ್ಡು ಎಲ್ಲಿಂದ? ನಿಮಗೆ ಸಂಬಂಧ ಇರುವ ಕಂಪನಿಯ ವಿಷಯ ಸಭೆಗೆ ಬಂದರೆ ಹೊರಗೆ ಹೋಗಿ ಕೂರುತ್ತೀರಾ? ಬಾಕಿ ತೆರಿಗೆ ವಸೂಲಿಗೆ ಮೊದಲ ವರ್ಷ ಏನು ಮಾಡುತ್ತೀರಿ? ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಅವರಿಂದಲೇ ಓದಿಸಿ, ಸಹಿ ಹಾಕಿಸಿ. ಬರದವರ ಹೆಸರಿನ ಮುಂದೆ 'ಬಂದಿಲ್ಲ' ಎಂದಷ್ಟೇ ಬರೆಯಿರಿ. ಅದಕ್ಕಿಂತ ಒಂದು ಪದವೂ ಬೇಡ.

ಪಂಚಾಯ್ತಿಯ ಗುತ್ತಿಗೆಯಲ್ಲಿ ನೇರವಾಗಿಯೋ ಬೇರೆಯವರ ಹೆಸರಲ್ಲೋ ಪಾಲು ಇಟ್ಟುಕೊಂಡ ಸದಸ್ಯರು ಅನರ್ಹರಾಗುತ್ತಾರೆ ಎಂದು ಪಂಚಾಯತ್ ರಾಜ್ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಕಂಪನಿಯ ಗುತ್ತಿಗೆಗೆ ಆ ನಿಯಮ ಬರುವುದಿಲ್ಲ. ಆ ಜಾಗವನ್ನು ಈ ಸಹಿ ಹಾಕಿದ ಹಾಳೆ ತುಂಬಬೇಕು.

ಐದನೇ ಹೆಜ್ಜೆ: ಲೈನ್ ಮನೆಗಳ ಮತ ಅವರದ್ದೇ ಆಗಿರಲಿ

ನನಗೆ ಅತಿ ಹೆಚ್ಚು ಕಾಳಜಿ ಇರುವುದು ಈ ವಿಷಯದ ಮೇಲೆ. ದೊಡ್ಡ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರಿಗೆಂದು ತೋಟದೊಳಗೆ ಕಟ್ಟಿದ ಸಾಲುಮನೆಯಲ್ಲಿ, ಇರುವವರಿಗೆ ಕೆಲಸ, ಮನೆ, ನೀರು, ಮಗುವಿನ ಶಾಲೆ ದಾಖಲೆ, ಎಲ್ಲವೂ ಒಂದೇ ಕಡೆಯಿಂದ ಬರುತ್ತವೆ. "ಈ ಸಲ ಇವರಿಗೆ ಹಾಕಿ" ಎಂದು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹೇಳಿದರೆ ಅದು ಸಲಹೆಯಾಗಿ ಕೇಳಿಸುವುದಿಲ್ಲ. 2020ರ ಗ್ರಾಮ ಪಂಚಾಯ್ತಿ ಚುನಾವಣೆ ಡಿಸೆಂಬರ್ 22 ಮತ್ತು 27ರಂದು ನಡೆಯಿತು. ಕಾಫಿ ಹಣ್ಣು ಕೀಳುವ ಕಾಲ. ಒಂದು ದಿನದ ಕೂಲಿ ತಪ್ಪಿದರೂ ಕಷ್ಟ ಎನ್ನುವ ಹೊತ್ತು.

ಅವರಿಗೆ ಮೂರು ವಿಷಯ ಮನದಟ್ಟಾಗಬೇಕು. ಒಂದು, ಮತ ಗುಟ್ಟು. ಮತಗಟ್ಟೆಯೊಳಗೆ ಮೊಬೈಲ್ ಒಯ್ಯುವಂತಿಲ್ಲ. ಬ್ಯಾಲೆಟ್ ಫೋಟೊ ತೆಗೆದು ತೋರಿಸು ಎಂದು ಯಾರಾದರೂ ಕೇಳಿದರೆ ಅದೇ ತಪ್ಪು. ಎರಡು, ಕೆಲಸ ತೆಗೆಯುತ್ತೇವೆ, ಮನೆ ಖಾಲಿ ಮಾಡಿಸುತ್ತೇವೆ ಎಂದು ಹೆದರಿಸಿ ಮತ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಮಿನಡಿ ಅಪರಾಧ. ಈ ಕಲಂ ಪಂಚಾಯ್ತಿ ಚುನಾವಣೆಗೂ ಅನ್ವಯಿಸುತ್ತದೆ. ಮೂರು, ಆಣೆಯ ವಿಷಯ. ನಮ್ಮ ಕಡೆ ದುಡ್ಡು ಕೊಟ್ಟು ಮಂಜುನಾಥನ ಆಣೆ ಹಾಕಿಸುತ್ತಾರೆ. ಹಾಕಿಸಿಕೊಂಡವರು ನಿಜವಾಗಿ ಹೆದರುತ್ತಾರೆ. ಮತ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದು ಕೂಡ ಅದೇ 171ನೇ ಕಲಮಿನಲ್ಲಿ ಬರುತ್ತದೆ. ಕಾನೂನಿನ ಮಾತಿಗಿಂತ ಊರಿನ ಅರ್ಚಕರೋ ಹಿರಿಯರೋ "ಬಲವಂತದ ಆಣೆ ತಟ್ಟುವುದಿಲ್ಲ" ಎಂದು ಒಂದು ಮಾತು ಹೇಳಿದರೆ ಜಾಸ್ತಿ ಉಪಯೋಗ. ಅವರನ್ನು ಮುಂಚೆಯೇ ಮಾತಾಡಿಸಿ.

ಮತದಾನದ ದಿನದ ರಜೆಯ ಬಗ್ಗೆ ಸರ್ಕಾರದ ಆದೇಶ ಬಂದ ಕೂಡಲೇ ಪ್ರತಿ ತೆಗೆದುಕೊಂಡು ಕಾರ್ಮಿಕರಿಗೂ ತೋಟದ ಆಫೀಸಿಗೂ ಕೊಡಿ. ಬೂತಿಗೆ ಕಂಪನಿಯ ಜೀಪಿನಲ್ಲಿ ಹೋಗಬೇಡಿ ಎಂದು ಹೇಳುವುದು ಸುಲಭ, ಆರು ಕಿಲೋಮೀಟರ್ ನಡೆಯುವುದು ಕಷ್ಟ. ವಯಸ್ಸಾದವರಿಗೆ ಏನು ವ್ಯವಸ್ಥೆ ಎಂದು ಚುನಾವಣಾಧಿಕಾರಿಯನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ.

ಲೈನ್ ಮನೆಯವರು ಏನಾದರೂ ಹೇಳಿದರೆ ದೂರಿನಲ್ಲಿ ಅವರ ಹೆಸರು ಹಾಕಬೇಡಿ. ಅವರ ವಿಡಿಯೊ ಮಾಡಿ ಗ್ರೂಪಿಗೆ ಬಿಡಲೇಬೇಡಿ. ಚುನಾವಣೆ ಮುಗಿದ ಮೇಲೂ ಅವರು ಅಲ್ಲೇ ಬದುಕಬೇಕು. ದೂರಿಗೆ ನಿಮ್ಮ ಸಹಿ ಇರಲಿ.

ಆರನೇ ಹೆಜ್ಜೆ: 'ಅವಿರೋಧ' ಎಂದ ಕೂಡಲೇ ಕೇಳಿ, ಯಾಕೆ ಎಂದು

ಜಗಳ ಬೇಡ, ಅವಿರೋಧ ಆಯ್ಕೆ ಮಾಡೋಣ, ದೇವಸ್ಥಾನಕ್ಕೆ ಇಷ್ಟು ಲಕ್ಷ ಬರುತ್ತದೆ. ಈ ಮಾತು ಕೇಳಲು ಹಿತವಾಗಿರುತ್ತದೆ. 2020ರಲ್ಲಿ ರಾಜ್ಯದ ಹಲವು ಕಡೆ ಪಂಚಾಯ್ತಿ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂದಾಗ ರಾಜ್ಯ ಚುನಾವಣಾ ಆಯೋಗ ಕ್ರಮಕ್ಕೆ ಸೂಚಿಸಿತ್ತು. ನ್ಯಾಯ ಸಂಹಿತೆಯ 169 ಮತ್ತು 170ನೇ ಕಲಂ ಒಟ್ಟಿಗೆ ಓದಿ. ಚುನಾವಣೆಗೆ ನಿಲ್ಲದಿರಲು, ನಾಮಪತ್ರ ವಾಪಸ್ ಪಡೆಯಲು ದುಡ್ಡು ಕೊಟ್ಟರೂ ಅದು ಲಂಚವೇ. ಪಡೆದರೂ ಲಂಚವೇ. 173ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು ಇಲ್ಲವೇ ದಂಡ, ಇಲ್ಲವೇ ಎರಡೂ.

ನಿಜವಾಗಿಯೂ ಎಲ್ಲರಿಗೂ ಒಪ್ಪಿಗೆಯಾದವರು ಇದ್ದರೆ ಅವಿರೋಧ ಆಯ್ಕೆ ತಪ್ಪಲ್ಲ. ದುಡ್ಡಿನ ಮಾತು ಅದರ ಜೊತೆ ಬಂದರೆ ಮಾತ್ರ ನಿಲ್ಲಿಸಿ, ಆ ದುಡ್ಡು ಯಾರದ್ದು ಎಂದು ಕೇಳಿ.

ಏಳನೇ ಹೆಜ್ಜೆ: ದಾಖಲೆ ಇಟ್ಟು ದೂರು ಕೊಡಿ

ಪ್ರಚಾರದ ದಿನಗಳಲ್ಲಿ ದಿನಚರಿ ಬರೆಯಿರಿ. ದಿನಾಂಕ, ಹೊತ್ತು, ಜಾಗ, ವಾಹನದ ನಂಬರ್, ಏನು ನಡೆಯಿತು. ಕೇಳಿದ್ದನ್ನು ಬೇರೆ, ಕಂಡದ್ದನ್ನು ಬೇರೆ ಬರೆಯಿರಿ. ಕಂಪನಿಯ ಗೆಸ್ಟ್ ಹೌಸಿನಲ್ಲಿ ಬಾಡೂಟ ನಡೆದರೆ ಒಳಗೆ ನುಗ್ಗಬೇಡಿ. ಹೊರಗಿನ ರಸ್ತೆಯಿಂದ ತೆಗೆದ ಫೋಟೊ ಸಾಕು.

ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಬೇರೆಯವರು ಅವರ ಪರವಾಗಿ ಸಭೆ, ಜಾಹೀರಾತು, ಕರಪತ್ರಕ್ಕೆ ಖರ್ಚು ಮಾಡಿದರೆ ನ್ಯಾಯ ಸಂಹಿತೆಯ 176ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ. ಒಪ್ಪಿಗೆ ಇದ್ದರೆ ಅದು ಅಭ್ಯರ್ಥಿಯ ಖರ್ಚು. ಇದನ್ನು ನೆನಪಿಡಿ. "ನಮಗೆ ಗೊತ್ತಿಲ್ಲ, ಅಭಿಮಾನಿಗಳು ಹಾಕಿದ್ದು" ಎನ್ನುವವರಿಗೆ ಈ ಕಲಮನ್ನು ತೋರಿಸಿ.

ದೂರು ಕೊಡುವಾಗ ಅನೇಕರು ಸಿ-ವಿಜಿಲ್ ಆ್ಯಪ್ ತೆರೆಯುತ್ತಾರೆ. ಅದು ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವ ಭಾರತ ಚುನಾವಣಾ ಆಯೋಗದ್ದು. ಪಂಚಾಯ್ತಿ, ನಗರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಹಾಗಾಗಿ ಬರವಣಿಗೆಯ ದೂರನ್ನು ಚುನಾವಣಾಧಿಕಾರಿಗೆ, ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ ಕೊಟ್ಟು, ಒಂದು ಪ್ರತಿ ರಾಜ್ಯ ಆಯೋಗಕ್ಕೆ ಕಳಿಸಿ. ಪ್ರತಿ ಕಡೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಪೊಲೀಸ್ ಠಾಣೆಯಲ್ಲಿ "ಇದು ಎನ್‌ಸಿ, ಕೋರ್ಟಿನ ಅನುಮತಿ ಬೇಕು" ಎನ್ನಬಹುದು. ಅದು ಸುಳ್ಳಲ್ಲ. ಚುನಾವಣಾ ಲಂಚ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ವಾದ ಮಾಡಬೇಡಿ. ದೂರನ್ನು ಎನ್‌ಸಿ ಎಂದು ದಾಖಲಿಸಿ ಪ್ರತಿ ಕೊಡಿ ಎಂದು ಕೇಳಿ, ಅನುಮತಿಗೆ ಬರೆಯುವಂತೆ ಹೇಳಿ.

ಮನೆ ಮನೆಗೆ ಬಂದು ವೋಟರ್ ಐಡಿ, ಫೋನ್ ನಂಬರ್, ಜಾತಿ ಕೇಳುವ 'ಸರ್ವೆ'ಗಳಿಗೆ ಮಾಹಿತಿ ಕೊಡಬೇಡಿ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಯ ಹೆಸರಲ್ಲಿ ಖಾಸಗಿ ಸಂಸ್ಥೆಯೊಂದು ಮತದಾರರ ಮಾಹಿತಿ ಸಂಗ್ರಹಿಸಿದ ಆರೋಪ ದೊಡ್ಡ ಗದ್ದಲವಾಗಿತ್ತು. ಬಂದವರ ಗುರುತಿನ ಚೀಟಿ ಮತ್ತು ಸರ್ಕಾರದ ಆದೇಶ ನೋಡದೆ ಏನನ್ನೂ ಹೇಳಬೇಡಿ.

ಫಲಿತಾಂಶ ಬಂದ ಮೇಲೆ ಪುರಾವೆ ಗಟ್ಟಿಯಾಗಿದ್ದರೆ 30 ದಿನದೊಳಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಸೋತವರೇ ಹಾಕಬೇಕೆಂದಿಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು. 31ನೇ ದಿನ ಹೋದರೆ ಪ್ರಯೋಜನವಿಲ್ಲ. ಹಾಗಾಗಿ ಮೊದಲ ವಾರದಲ್ಲೇ ವಕೀಲರನ್ನು ನೋಡಿ.

ಎಂಟನೇ ಹೆಜ್ಜೆ: ಅಧ್ಯಕ್ಷರ ಆಯ್ಕೆ, ಆಮೇಲಿನ ಐದು ವರ್ಷ

ಮತ ಎಣಿಕೆ ಮುಗಿದ ದಿನ ಎಲ್ಲರೂ ಪಟಾಕಿ ಹೊಡೆದು ಮನೆಗೆ ಹೋಗುತ್ತಾರೆ. ಕಂಪನಿಗೆ ಅಸಲಿ ಚುನಾವಣೆ ಆಮೇಲೆ. ಅಧ್ಯಕ್ಷರನ್ನು ಆರಿಸುವುದು ಗೆದ್ದ ಸದಸ್ಯರು. ಹದಿನೈದು ಸದಸ್ಯರಿರುವ ಕಡೆ ಎಂಟು ಜನ ಸಾಕು. ಪಕ್ಷವೇ ಇಲ್ಲದ ಕಡೆ ಪಕ್ಷಾಂತರ ನಿಷೇಧದ ಭಯವೂ ಇಲ್ಲ. ಕಳೆದ ಸಲ ಅಧ್ಯಕ್ಷರ ಅವಧಿ 30 ತಿಂಗಳು ಇತ್ತು. ಅಂದರೆ ಐದು ವರ್ಷದಲ್ಲಿ ಎರಡು ಸಲ ಇದೇ ಓಡಾಟ. ಸದಸ್ಯರೆಲ್ಲ ಒಟ್ಟಿಗೆ ಪ್ರವಾಸ ಹೊರಟರೆ, ಟಿಕೆಟ್ ತೆಗೆಸಿದವರು ಯಾರು ಎಂದು ವಾರ್ಡಿನವರು ಫೋನ್ ಮಾಡಿ ಕೇಳಬೇಕು. ನಮ್ಮವರೇ ಅಲ್ವಾ, ಕೇಳಲು ಸಂಕೋಚ ಯಾಕೆ? ಆಯ್ದ ಸದಸ್ಯರು ಭ್ರಷ್ಟಾಚಾರ ತಡೆ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ಸೇವಕರು. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟ ವ್ಯಕ್ತಿಯ ಜೊತೆ ಆ ವ್ಯಾಪಾರ ಸಂಸ್ಥೆಯೂ ಶಿಕ್ಷೆಗೆ ಗುರಿಯಾಗುತ್ತದೆ. ಇಂಥ ದೂರಿಗೆ ಲೋಕಾಯುಕ್ತ ಇದೆ.

ಕಂಪನಿಗಳು ಬಂದು ಹೋಗುತ್ತವೆ ಎನ್ನುವುದನ್ನು ನಮ್ಮ ಜಿಲ್ಲೆ ಕಂಡಿದೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಟೌನ್‌ಶಿಪ್ ಖಾಲಿಯಾಯಿತು, ಭದ್ರಾ ನದಿ ಮಾತ್ರ ಕೆಳಗಿನ ಊರುಗಳಿಗೆ ಇವತ್ತಿಗೂ ಬೇಕು. ಸದಸ್ಯರು ಒಂದು ಅನುಮತಿಗೆ ಸಹಿ ಹಾಕುವಾಗ ಇಪ್ಪತ್ತು ವರ್ಷ ಮುಂದಿನ ನೀರಿನ ಲೆಕ್ಕ ಹಾಕಬೇಕು. ಅದನ್ನು ನೆನಪಿಸುವವರು ಗ್ರಾಮಸಭೆಯಲ್ಲಿ ಇರಬೇಕು.

ಹಾಗಾಗಿ ಗುಂಪನ್ನು ಚದುರಿಸಬೇಡಿ. ತಿಂಗಳಿಗೊಬ್ಬರು ಸರದಿಯಂತೆ ಪಂಚಾಯ್ತಿ ಸಭೆಯ ನಡಾವಳಿ ನೋಡಿ ಬರಲಿ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಡೆಯುವ ಜಮಾಬಂದಿಗೆ, ಅಂದರೆ ಪಂಚಾಯ್ತಿ ಲೆಕ್ಕಪತ್ರವನ್ನು ಜನರೆದುರು ಪರಿಶೀಲಿಸುವ ಸಭೆಗೆ, ನೋಟ್‌ಬುಕ್ ಹಿಡಿದು ಹೋಗಿ. ತೆರಿಗೆ ಬಾಕಿ ಪಟ್ಟಿಯಲ್ಲಿ ದೊಡ್ಡವರ ಹೆಸರು ಇದೆಯೇ, ಹಿಂದಿನ ವರ್ಷಕ್ಕಿಂತ ಮೊತ್ತ ಇಳಿದಿದೆಯೇ ನೋಡಿ, ಇಳಿದಿದ್ದರೆ ಯಾವ ನಿರ್ಣಯದಿಂದ ಎಂದು ಕೇಳಿ. ಅಭ್ಯರ್ಥಿಗಳು ಸಹಿ ಹಾಕಿದ ಹಾಳೆಗಳ ಒಂದು ಸೆಟ್ಟನ್ನು ಊರಿನ ಗ್ರಂಥಾಲಯದಲ್ಲಿ ಇಡಿ, ಇನ್ನೊಂದು ನಿಮ್ಮ ಬಳಿ ಇರಲಿ. ಮುಂದಿನ ಚುನಾವಣೆಗೆ ಅದೇ ಜನ ನಿಂತಾಗ, ಸಭೆಯಲ್ಲಿ ಮೊದಲು ಓದಬೇಕಾದದ್ದು ಆ ಹಾಳೆಗಳನ್ನೇ.